ಯುರೋಪಿನಲ್ಲಿ ಕನಿಷ್ಠ ಕೂಲಿ: ಶೇ 60ಕ್ಕಿಂತ ಶೇ 80 ಏಕೆ ದೊಡ್ಡದು

2025ರ ನವೆಂಬರ್ 11ರಂದು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯ ಕನಿಷ್ಠ ವೇತನದ ಬಗ್ಗೆ ಒಂದು ತೀರ್ಪು ಕೊಟ್ಟಿತು. ಒಕ್ಕೂಟ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ್ದ ಕನಿಷ್ಠ ವೇತನ ನಿರ್ದೇಶನವನ್ನು (ಸದಸ್ಯ ದೇಶಗಳು ತಮ್ಮ ಕಾನೂನಿಗೆ ಇಳಿಸಿಕೊಳ್ಳಬೇಕಾದ ನಿಯಮವನ್ನು) ಪೂರ್ತಿ ರದ್ದು ಮಾಡಬೇಕೆಂದು ಡೆನ್ಮಾರ್ಕ್ ದಾವೆ ಹೂಡಿತ್ತು, ಸ್ವೀಡನ್ ಅದರ ಬೆನ್ನಿಗೆ ನಿಂತಿತ್ತು. 2025ರ ಜನವರಿಯಲ್ಲಿ, ತೀರ್ಪಿಗೆ ಮೊದಲು ನ್ಯಾಯಾಲಯಕ್ಕೆ ಸ್ವತಂತ್ರ ಅಭಿಪ್ರಾಯ ಕೊಡುವ ಅಡ್ವೊಕೇಟ್ ಜನರಲ್ ಕೂಡ ಇಡೀ ನಿರ್ದೇಶನವನ್ನು ತೆಗೆದುಹಾಕಬೇಕೆಂದೇ ಅಭಿಪ್ರಾಯ ಕೊಟ್ಟಿದ್ದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಎರಡು ಅಂಶಗಳನ್ನಷ್ಟೇ ಕಿತ್ತುಹಾಕಿ ಉಳಿದದ್ದನ್ನು ಎತ್ತಿಹಿಡಿಯಿತು.

ಒಳ್ಳೆಯ ಕೂಲಿಗೆ ಹೆಸರಾದ ಡೆನ್ಮಾರ್ಕ್‌ಗೆ ಕನಿಷ್ಠ ವೇತನದ ನಿಯಮ ಕಂಡರೆ ಏಕೆ ಆಗದು? ಅಲ್ಲಿ ಕನಿಷ್ಠ ವೇತನ ಕಾಯ್ದೆಯೇ ಇಲ್ಲ. ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಎದುರುಬದುರು ಕೂತು ಕೂಲಿ ಗೊತ್ತುಮಾಡಿಕೊಳ್ಳುತ್ತವೆ. ಸರ್ಕಾರ ಆ ಕೋಣೆಯ ಹೊರಗಿರುತ್ತದೆ. 1899ರಲ್ಲಿ ದೊಡ್ಡ ಲಾಕೌಟ್ ಒಂದು ಮುಗಿದಾಗ ಆದ ‘ಸೆಪ್ಟೆಂಬರ್ ರಾಜಿ’ಯಿಂದ ಬೆಳೆದುಬಂದ ಪದ್ಧತಿ ಅದು. ಬ್ರಸೆಲ್ಸ್, ಅಂದರೆ ಒಕ್ಕೂಟದ ಆಡಳಿತ, ಒಮ್ಮೆ ಕೂಲಿಯ ವಿಷಯಕ್ಕೆ ಕೈಹಾಕಿದರೆ ನಾಳೆ ಈ ಪದ್ಧತಿಯನ್ನೇ ಕೆಡಿಸಬಹುದು ಎಂಬ ಭಯ ಡೆನ್ಮಾರ್ಕ್‌ನ ಮಾಲೀಕರಿಗಷ್ಟೇ ಅಲ್ಲ, ಕಾರ್ಮಿಕ ಸಂಘಗಳಿಗೂ ಇತ್ತು. ಯುರೋಪಿನ ಕಾರ್ಮಿಕ ಸಂಘಗಳ ಮಹಾಒಕ್ಕೂಟ ನಿರ್ದೇಶನದ ಪರ, ಅದರದೇ ಸದಸ್ಯರಾದ, ಡೆನ್ಮಾರ್ಕ್, ಸ್ವೀಡನ್‌ನಂಥ ನಾರ್ಡಿಕ್ (ಉತ್ತರ ಯುರೋಪಿನ) ದೇಶಗಳ ಸಂಘಗಳು ವಿರುದ್ಧ. ಈ ಬಿರುಕು ಅರ್ಥವಾದರೆ ಯುರೋಪಿನ ಉದ್ಯೋಗ ನೀತಿಯ ಅರ್ಧ ಭಾಗ ಅರ್ಥವಾದಂತೆ.

ಕಾನೂನಿನ ತೊಡಕು ಇರುವುದು ಒಕ್ಕೂಟದ ಒಪ್ಪಂದದ 153ನೇ ವಿಧಿಯಲ್ಲಿ. ಕೆಲಸದ ಪರಿಸ್ಥಿತಿ, ಸುರಕ್ಷತೆ, ಕಾರ್ಮಿಕರೊಂದಿಗೆ ಸಮಾಲೋಚನೆ ಮುಂತಾದ ವಿಷಯಗಳಲ್ಲಿ ಒಕ್ಕೂಟ ಕನಿಷ್ಠ ಮಟ್ಟದ ನಿಯಮ ಮಾಡಬಹುದು ಎನ್ನುತ್ತದೆ ಆ ವಿಧಿ. ಅದೇ ವಿಧಿಯ ಐದನೇ ಉಪವಿಧಿ ನಾಲ್ಕು ವಿಷಯಗಳನ್ನು ಹೊರಗಿಡುತ್ತದೆ: ವೇತನ, ಸಂಘ ಕಟ್ಟುವ ಹಕ್ಕು, ಮುಷ್ಕರ, ಲಾಕೌಟ್. ಹಾಗಾದರೆ ‘ಸಮರ್ಪಕ ಕನಿಷ್ಠ ವೇತನ’ ಎಂಬ ಹೆಸರಿನ ನಿರ್ದೇಶನ ಹೇಗೆ ಉಳಿಯಿತು? ವೇತನದ ಮೊತ್ತವನ್ನು ನೇರವಾಗಿ ಗೊತ್ತುಮಾಡುವುದು ಒಂದು, ವೇತನ ಗೊತ್ತುಮಾಡುವ ವಿಧಾನ ಸರಿಯಾಗಿರಲಿ ಎಂದು ಹೇಳುವುದು ಇನ್ನೊಂದು ಎಂದು ನ್ಯಾಯಾಲಯ ಗೆರೆ ಎಳೆಯಿತು. ಕೊಳ್ಳುವ ಶಕ್ತಿ, ವೇತನಗಳ ಸಾಮಾನ್ಯ ಮಟ್ಟ ಮತ್ತು ಹಂಚಿಕೆ, ವೇತನ ಏರಿಕೆಯ ವೇಗ, ದೀರ್ಘಾವಧಿ ಉತ್ಪಾದಕತೆ ಈ ನಾಲ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂಬ ಪಟ್ಟಿ ಗೆರೆಯ ಆಚೆ ಬಿತ್ತು. ಬೆಲೆ ಸೂಚ್ಯಂಕಕ್ಕೆ ತಾನಾಗಿ ಹೊಂದಿಕೊಳ್ಳುವ ವೇತನ ಎಂದೂ ಇಳಿಯಬಾರದು ಎಂಬ ಷರತ್ತೂ ಬಿತ್ತು. ಉಳಿದದ್ದರಲ್ಲಿ ಎರಡು ಸಂಖ್ಯೆಗಳಿವೆ, 60 ಮತ್ತು 80. ಮೊದಲನೆಯದು ಕೂಲಿಯ ಮಟ್ಟದ್ದು, ಎರಡನೆಯದು ಸಂಘ ಮತ್ತು ಮಾಲೀಕರ ನಡುವಿನ ಸಾಮೂಹಿಕ ಒಪ್ಪಂದಗಳ ವ್ಯಾಪ್ತಿಯದು.

ಪತ್ರಿಕೆಗಳಲ್ಲಿ ಮೊದಲಿನಿಂದಲೂ ಮಿಂಚಿದ್ದು 60. ಶಾಸನಬದ್ಧ ಕನಿಷ್ಠ ವೇತನ ಇರುವ ದೇಶಗಳು, ಅಂದರೆ ಒಕ್ಕೂಟದ 27ರಲ್ಲಿ 22, ತಮ್ಮ ವೇತನ ಸಾಕಷ್ಟಿದೆಯೇ ಎಂದು ಅಳೆಯಲು ಒಂದು ಮಾನದಂಡ ಇಟ್ಟುಕೊಳ್ಳಬೇಕು. ಮಧ್ಯಾಂಕ ವೇತನದ ಶೇ 60 ಅಥವಾ ಸರಾಸರಿ ವೇತನದ ಶೇ 50 ಆಗಬಹುದು ಎಂದು ನಿರ್ದೇಶನ ಸೂಚಿಸುತ್ತದೆ. ಸೂಚಿಸುತ್ತದೆ ಅಷ್ಟೇ, ಕಡ್ಡಾಯ ಮಾಡುವುದಿಲ್ಲ. ಐದು ಜನರ ಗಂಟೆ ಕೂಲಿ 11, 13, 20, 24, 42 ಯೂರೊ ಎಂದುಕೊಳ್ಳಿ. ಸಾಲಿನ ನಡುವಿನವನ ಕೂಲಿ, ಅಂದರೆ ಮಧ್ಯಾಂಕ, 20. ಅದರ ಶೇ 60 ಎಂದರೆ 12. ಸರಾಸರಿ 22, ಅದರ ಅರ್ಧ 11. ಒಂದು ಅಳತೆಯ ಪ್ರಕಾರ ಕೆಳಗಿನವನ ಕೂಲಿ ಸಾಲದು, ಇನ್ನೊಂದರ ಪ್ರಕಾರ ಸಾಕು. ಅರೆಕಾಲಿಕ ಕೆಲಸಗಾರರನ್ನೂ ಲೆಕ್ಕಕ್ಕೆ ಸೇರಿಸಿದರೆ ಮಧ್ಯಾಂಕ ಸಾಮಾನ್ಯವಾಗಿ ಇಳಿಯುತ್ತದೆ. ಪೂರ್ಣಾವಧಿಯವರನ್ನಷ್ಟೇ ಎಣಿಸಿದರೆ ಏರುತ್ತದೆ. ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ರಾಜಕೀಯ ತೀರ್ಮಾನ.

ಜರ್ಮನಿಯಲ್ಲಿ ಈ ಜಗಳ ಬಯಲಲ್ಲೇ ನಡೆಯಿತು. 2015ರ ಜನವರಿ 1ರಂದು ಗಂಟೆಗೆ 8.50 ಯೂರೊದಿಂದ ಶುರುವಾದ ಅಲ್ಲಿನ ಕನಿಷ್ಠ ವೇತನವನ್ನು ಮಾಲೀಕರು ಮತ್ತು ಕಾರ್ಮಿಕರ ಪ್ರತಿನಿಧಿಗಳಿರುವ ಆಯೋಗವೊಂದು ಪರಿಷ್ಕರಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಸಂಸತ್ತು ಆಯೋಗವನ್ನು ಬದಿಗಿಟ್ಟು 12 ಯೂರೊಗೆ ಏರಿಸಿತು. ಪೂರ್ಣಾವಧಿ ಕೆಲಸಗಾರರ ಮಧ್ಯಾಂಕದ ಶೇ 60ನ್ನು ತನ್ನ ಮಾನದಂಡಗಳಲ್ಲಿ ಒಂದಾಗಿ ಸೇರಿಸಿಕೊಳ್ಳಲು 2025ರ ಆರಂಭದಲ್ಲಿ ಆಯೋಗವೂ ಒಪ್ಪಿತು. ಆದರೂ ಅದೇ ವರ್ಷದ ಜೂನ್‌ನಲ್ಲಿ ಅದು ಕೊಟ್ಟ ಅಂಕಿಗಳು 2026ಕ್ಕೆ 13.90, 2027ಕ್ಕೆ 14.60 ಯೂರೊ. ರಾಜಕಾರಣಿಗಳು ಮಾತಾಡುತ್ತಿದ್ದ 15ರ ಗಡಿ ದಾಟಲಿಲ್ಲ.

ಬಲ್ಗೇರಿಯಾ ಇನ್ನೊಂದು ದಾರಿ ಹಿಡಿಯಿತು. ಸರಾಸರಿ ವೇತನದ ಅರ್ಧ ಎಂದು ಕಾರ್ಮಿಕ ಸಂಹಿತೆಯಲ್ಲೇ ಬರೆದುಬಿಟ್ಟಿತು. 2024ರಲ್ಲಿ ತಿಂಗಳಿಗೆ 933 ಲೆವ್ ಇದ್ದದ್ದು 2025ರಲ್ಲಿ 1,077 ಆಯಿತು, ಅಂದರೆ ಸುಮಾರು 551 ಯೂರೊ. ದೇಶ ಯೂರೊ ನಾಣ್ಯಕ್ಕೆ ಬದಲಾದ 2026ರ ಜನವರಿಯಲ್ಲಿ ಅದು 620 ಯೂರೊ ತಲುಪಿತು. ಏರಿಕೆ ನಿಜ. ಆದರೆ 2025ರ ಆರಂಭದಲ್ಲಿ ಲಕ್ಸೆಂಬರ್ಗ್‌ನ ಕನಿಷ್ಠ ವೇತನ ಸುಮಾರು 2,638 ಯೂರೊ ಇತ್ತು. ಪ್ರತಿ ದೇಶವೂ ತನ್ನದೇ ಮಧ್ಯಾಂಕ ಅಥವಾ ಸರಾಸರಿಗೆ ಅಳೆದುಕೊಳ್ಳುವುದರಿಂದ, ಎಲ್ಲರ ಕೂಲಿಯೂ ಕಡಿಮೆ ಇರುವ ಕಡೆ ಶೇ 60 ಕೂಡ ಕಡಿಮೆಯೇ. ದೇಶಗಳ ನಡುವಿನ ಅಂತರ ಕಡಿಮೆ ಮಾಡುವ ಶಕ್ತಿ ಈ ಸಂಖ್ಯೆಗೆ ಇಲ್ಲ.

ನನ್ನ ದೃಷ್ಟಿಯಲ್ಲಿ ನಿರ್ದೇಶನದ ಜೀವ ಇರುವುದು ನಾಲ್ಕನೇ ವಿಧಿಯಲ್ಲಿ, ಅಲ್ಲಿನ 80ರಲ್ಲಿ. ಒಂದು ದೇಶದ ಕಾರ್ಮಿಕರಲ್ಲಿ ಸಾಮೂಹಿಕ ಒಪ್ಪಂದದ ವ್ಯಾಪ್ತಿಗೆ ಬರುವವರು ಶೇ 80ಕ್ಕಿಂತ ಕಡಿಮೆಯಿದ್ದರೆ, ಆ ದೇಶ ಅದನ್ನು ಹೆಚ್ಚಿಸುವ ಕ್ರಿಯಾ ಯೋಜನೆ ಬರೆಯಬೇಕು. ಅದರಲ್ಲಿ ಕಾಲಮಿತಿಯೂ ನಿರ್ದಿಷ್ಟ ಕ್ರಮಗಳೂ ಇರಬೇಕು, ಅದನ್ನು ಬಹಿರಂಗಪಡಿಸಬೇಕು, ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಶೇ 80 ಮುಟ್ಟಲೇಬೇಕೆಂಬ ಕಡ್ಡಾಯವಿಲ್ಲ, ದಂಡವೂ ಇಲ್ಲ. ಆದರೂ ಜರ್ಮನಿಯಂಥ ದೇಶಕ್ಕೇ ಈ ಯೋಜನೆ ಬರೆಯಬೇಕಾಗಿ ಬಂದಿದೆ. ಅಲ್ಲಿ ಒಪ್ಪಂದದ ನೆರಳಿನಲ್ಲಿರುವ ಕಾರ್ಮಿಕರು ಹೆಚ್ಚುಕಡಿಮೆ ಅರ್ಧದಷ್ಟು. ಪೋಲೆಂಡ್, ಎಸ್ಟೋನಿಯಾಗಳಲ್ಲಿ ಐದರಲ್ಲಿ ಒಬ್ಬರೂ ಇಲ್ಲ.

ಒಪ್ಪಂದದ ವ್ಯಾಪ್ತಿ ಇಷ್ಟೇಕೆ ಮುಖ್ಯ? ಕಾಯ್ದೆಯ ಕನಿಷ್ಠ ವೇತನ ಒಂದೇ ಒಂದು ಮೊತ್ತ ಹೇಳುತ್ತದೆ. ಒಪ್ಪಂದ ಹಾಗಲ್ಲ. ಹತ್ತು ವರ್ಷ ಅನುಭವದ ವೆಲ್ಡರ್‌ಗೆ ಎಷ್ಟು, ರಾತ್ರಿ ಪಾಳಿಗೆ ಎಷ್ಟು ಹೆಚ್ಚುವರಿ, ರಜೆ ಎಷ್ಟು, ಓವರ್‌ಟೈಮ್ ಹೇಗೆ ಎಂಬುದನ್ನೆಲ್ಲ ಅದು ವಲಯವಾರು ಗೊತ್ತುಮಾಡುತ್ತದೆ. ಆಸ್ಟ್ರಿಯಾದಲ್ಲಿ ನೌಕರರಿಗೆ ಬೇಸಿಗೆಯಲ್ಲೊಂದು, ಕ್ರಿಸ್‌ಮಸ್‌ಗೊಂದು ಹೆಚ್ಚುವರಿ ಸಂಬಳ ಬರುತ್ತದೆ. ಖಾಸಗಿ ವಲಯದಲ್ಲಿ ಆ 13ನೇ ಮತ್ತು 14ನೇ ತಿಂಗಳ ಸಂಬಳ ಕಾಯ್ದೆಯಿಂದ ಬಂದದ್ದಲ್ಲ, ಒಪ್ಪಂದಗಳಿಂದ ಬಂದದ್ದು. ಅಲ್ಲಿ ಸುಮಾರು ಶೇ 98ರಷ್ಟು ಕಾರ್ಮಿಕರು ಒಪ್ಪಂದದ ವ್ಯಾಪ್ತಿಯಲ್ಲಿದ್ದಾರೆ. ಸಂಘದ ಸದಸ್ಯರು ಅಷ್ಟು ಇದ್ದಾರೆ ಎಂದಲ್ಲ. ಪ್ರತಿ ಉದ್ಯಮವೂ ಮಾಲೀಕರ ಪರ ಮಾತುಕತೆ ನಡೆಸುವ ಆರ್ಥಿಕ ಮಂಡಳಿಯ ಸದಸ್ಯನಾಗಲೇಬೇಕು ಎಂಬ ಕಾನೂನಿದೆ. ಮಂಡಳಿ ಸಹಿ ಹಾಕಿದರೆ ಮೂಲೆಯ ಬೇಕರಿಗೂ ಆ ಒಪ್ಪಂದ ಅನ್ವಯಿಸುತ್ತದೆ.

ಡೆನ್ಮಾರ್ಕ್ ಮತ್ತು ಸ್ವೀಡನ್‌ನಲ್ಲಿ ಇಂಥ ಕಾನೂನಿನ ಆಸರೆ ಇಲ್ಲ. ಅಲ್ಲಿನ ಆಯುಧ ಸಹಾನುಭೂತಿ ಮುಷ್ಕರ, ಅಂದರೆ ಒಂದು ಸಂಘದ ಬೆಂಬಲಕ್ಕೆ ಬೇರೆ ಸಂಘಗಳೂ ಕೆಲಸ ನಿಲ್ಲಿಸುವುದು. 2023ರ ಅಕ್ಟೋಬರ್ 27ರಂದು ಸ್ವೀಡನ್‌ನ ಐಎಫ್ ಮೆಟಾಲ್ ಸಂಘ ಟೆಸ್ಲಾದ ವರ್ಕ್‌ಶಾಪ್‌ಗಳಲ್ಲಿ ಮುಷ್ಕರ ಆರಂಭಿಸಿತು. ಬೇಡಿಕೆ ಸಾಮೂಹಿಕ ಒಪ್ಪಂದಕ್ಕೆ ಸಹಿ ಹಾಕಿ ಎಂಬುದೊಂದೇ. ಬಂದರು ಕಾರ್ಮಿಕರು ಆ ಕಂಪನಿಯ ಕಾರುಗಳನ್ನು ಹಡಗಿನಿಂದ ಇಳಿಸಲಿಲ್ಲ, ಅಂಚೆ ನೌಕರರು ಹೊಸ ನಂಬರ್ ಪ್ಲೇಟ್ ತಲುಪಿಸಲಿಲ್ಲ, ಎಲೆಕ್ಟ್ರಿಷಿಯನ್‌ಗಳು ರಿಪೇರಿಗೆ ಹೋಗಲಿಲ್ಲ. ಈ ಪದ್ಧತಿ ನಿಂತಿರುವುದು ಸಂಘದ ಬಲದ ಮೇಲೆ, ಸದಸ್ಯತ್ವದ ಮೇಲೆ. ಸದಸ್ಯರು ಕರಗಿದರೆ ಹಿಡಿದುಕೊಳ್ಳಲು ಬೇರೆ ಏನೂ ಇಲ್ಲ ಎಂಬುದು ನಾರ್ಡಿಕ್ ಮಾದರಿಯ ದುರ್ಬಲ ಜಾಗ. ಅದನ್ನು ಹೊಗಳುವವರು ಈ ಮಾತನ್ನು ಹೇಳುವುದು ಅಪರೂಪ.

ಶೇ 80 ದಾಟಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಅದಕ್ಕೆ ಇಟಲಿಯೇ ಸಾಕ್ಷಿ. ಅಲ್ಲಿಯೂ ಕನಿಷ್ಠ ವೇತನ ಕಾಯ್ದೆಯಿಲ್ಲ, ಲೆಕ್ಕದ ಪ್ರಕಾರ ಒಪ್ಪಂದದ ವ್ಯಾಪ್ತಿ ಶೇ 80ಕ್ಕೂ ಮೇಲಿದೆ. ಆದರೆ ಒಪ್ಪಂದಗಳನ್ನು ಎಲ್ಲರಿಗೂ ಕಟ್ಟುಪಾಡಾಗಿಸುವ ಸಂವಿಧಾನದ 39ನೇ ವಿಧಿಯ ಭಾಗ ಎಂದೂ ಜಾರಿಗೆ ಬರಲಿಲ್ಲ. ಹೆಸರಿಗಷ್ಟೇ ಇರುವ ಸಂಘಗಳು ಕಡಿಮೆ ಕೂಲಿಯ ಒಪ್ಪಂದಗಳಿಗೆ ಸಹಿ ಹಾಕುತ್ತವೆ. ‘ಕಡಲ್ಗಳ್ಳ ಒಪ್ಪಂದ’ ಎಂದೇ ಅಲ್ಲಿ ಅವುಗಳಿಗೆ ಹೆಸರು. ಕಂಪನಿ ತನಗೆ ಅಗ್ಗವಾದದ್ದನ್ನು ಆರಿಸಿಕೊಳ್ಳುತ್ತದೆ. ಇಷ್ಟಕ್ಕೂ ಕಾರ್ಮಿಕರ ಕೈಹಿಡಿದಿರುವುದು ಸಂವಿಧಾನದ 36ನೇ ವಿಧಿ: ಕೆಲಸಗಾರನಿಗೂ ಅವನ ಕುಟುಂಬಕ್ಕೂ ಸ್ವತಂತ್ರ, ಘನತೆಯ ಬಾಳಿಗೆ ಸಾಕಾಗುವಷ್ಟು ಕೂಲಿ ಸಿಗಬೇಕು ಎನ್ನುತ್ತದೆ ಅದು. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ದೊಡ್ಡ ಸಂಘಗಳೇ ಸಹಿ ಹಾಕಿದ ಒಪ್ಪಂದದ ಕೂಲಿಯೂ ಈ ವಿಧಿಯ ಮುಂದೆ ಸಾಲದಾಗಬಹುದು, ನ್ಯಾಯಾಧೀಶರು ಅದನ್ನು ಪಕ್ಕಕ್ಕಿಡಬಹುದು ಎಂದಿತು. ಗಂಟೆಗೆ 9 ಯೂರೊ ಕನಿಷ್ಠ ವೇತನ ಕಾಯ್ದೆ ಬೇಕೆಂಬ ವಿರೋಧ ಪಕ್ಷಗಳ ಮಸೂದೆ ಅದೇ ವರ್ಷ ಮುಗ್ಗರಿಸಿತು.

ವ್ಯಾಪ್ತಿಯನ್ನು ಕೆಡವುವುದು ಎಷ್ಟು ಸುಲಭ, ಕಟ್ಟುವುದು ಎಷ್ಟು ಕಷ್ಟ ಎಂಬುದಕ್ಕೆ ರೊಮೇನಿಯಾವನ್ನು ನೋಡಬೇಕು. ಆರ್ಥಿಕ ಬಿಕ್ಕಟ್ಟಿನ 2011ರಲ್ಲಿ ಬಂದ ಒಂದು ಕಾಯ್ದೆ ರಾಷ್ಟ್ರಮಟ್ಟದ ಒಪ್ಪಂದವನ್ನೇ ಇಲ್ಲವಾಗಿಸಿತು. ಒಂದು ಕಂಪನಿಯಲ್ಲಿ ಮಾತುಕತೆಗೆ ಕೂರಬೇಕಾದರೆ ಅರ್ಧಕ್ಕಿಂತ ಹೆಚ್ಚು ನೌಕರರು ಸಂಘದ ಸದಸ್ಯರಾಗಿರಬೇಕು ಎಂದಿತು. ವ್ಯಾಪ್ತಿ ಕುಸಿಯಿತು. 2022ರ ಕೊನೆಯಲ್ಲಿ ಬಂದ ಹೊಸ ಕಾಯ್ದೆ ಆ ಮಿತಿಯನ್ನು ಶೇ 35ಕ್ಕೆ ಇಳಿಸಿ, ಹತ್ತು ನೌಕರರಿರುವ ಕಂಪನಿಯೂ ಮಾತುಕತೆ ಆರಂಭಿಸಲೇಬೇಕು ಎಂದಿದೆ. ಆದರೆ ಮಾತುಕತೆ ಕಡ್ಡಾಯ, ಒಪ್ಪಂದ ಕಡ್ಡಾಯವಲ್ಲ. ಹತ್ತು ವರ್ಷ ಸಂಘವೇ ಇಲ್ಲದ ಕಡೆ ಮೇಜಿನ ಈಚೆ ಕೂರುವವರನ್ನು ಹೊಸದಾಗಿ ಹುಡುಕಬೇಕು, ತರಬೇತಿ ಕೊಡಬೇಕು.

ಆ 2011ರ ಹೊತ್ತಿನಲ್ಲಿ ಬ್ರಸೆಲ್ಸ್ ಯಾವ ಬದಿಯಲ್ಲಿತ್ತು ಎಂಬುದನ್ನು ಮರೆಯಬಾರದು. 2012ರ ಫೆಬ್ರುವರಿಯಲ್ಲಿ ಸಾಲದ ಷರತ್ತಾಗಿ ಗ್ರೀಸ್‌ನ ಕನಿಷ್ಠ ವೇತನವನ್ನು 751 ಯೂರೊದಿಂದ 586ಕ್ಕೆ, ಅಂದರೆ ಶೇ 22ರಷ್ಟು ಇಳಿಸಲಾಯಿತು. 25 ವರ್ಷದೊಳಗಿನವರಿಗೆ ಶೇ 32. ಸಾಲದ ಷರತ್ತುಗಳನ್ನು ನೋಡಿಕೊಂಡ ಮೂರು ಸಂಸ್ಥೆಗಳಲ್ಲಿ ಒಕ್ಕೂಟದ ಆಡಳಿತ ಅಂಗವಾದ ಐರೋಪ್ಯ ಆಯೋಗವೂ ಒಂದು. ವೇತನ ತನ್ನ ಅಧಿಕಾರದಲ್ಲಿಲ್ಲ ಎನ್ನುವ ಒಕ್ಕೂಟ, ಸಾಲದ ದಾರಿಯಿಂದ ವೇತನವನ್ನೇ ಕತ್ತರಿಸಿತ್ತು. ಅಲ್ಲಿಂದ 2022ರ ನಿರ್ದೇಶನದವರೆಗಿನ ತಿರುವು ದೊಡ್ಡದು. 2017ರ ನವೆಂಬರ್‌ನಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಸಾಮಾಜಿಕ ಹಕ್ಕುಗಳ 20 ತತ್ವಗಳನ್ನು ಘೋಷಿಸಲಾಯಿತು. ಕೋವಿಡ್ ಬಂದ 2020ರಲ್ಲಿ ಹಣವೂ ಹರಿಯಿತು. ಕೆಲಸ ಕಡಿಮೆಯಾದಾಗ ನೌಕರರನ್ನು ತೆಗೆಯದೆ ಗಂಟೆಗಳನ್ನು ಇಳಿಸಿ, ಕಳೆದುಹೋದ ಸಂಬಳದ ಒಂದು ಪಾಲನ್ನು ಸರ್ಕಾರವೋ ವಿಮಾ ನಿಧಿಯೋ ತುಂಬಿಕೊಡುವ ಪದ್ಧತಿ ಜರ್ಮನಿಯಲ್ಲಿ ಹಳೆಯದು. ಅಲ್ಲಿ ನಿವ್ವಳ ನಷ್ಟದ ಶೇ 60, ಮಕ್ಕಳಿದ್ದವರಿಗೆ ಶೇ 67 ಸಿಗುತ್ತದೆ. ಇಂಥ ಯೋಜನೆಗಳಿಗಾಗಿ ಒಕ್ಕೂಟ ತಾನೇ ಬಾಂಡ್ ಮಾರಿ 19 ದೇಶಗಳಿಗೆ 98.4 ಶತಕೋಟಿ ಯೂರೊ ಸಾಲ ಕೊಟ್ಟಿತು. ಗ್ರೀಸ್‌ಗೂ ಈ ಸಾಲ ಸಿಕ್ಕಿತು. ಈ ಸಲ ಷರತ್ತು ಕೂಲಿ ಇಳಿಸಿ ಎಂದಿರಲಿಲ್ಲ.

ಕಾಗದದ ಮೇಲಿನ ಕೂಲಿ ಕೈಗೆ ಸಿಗುವುದು ತಪಾಸಣೆಯಿಂದ. ಜರ್ಮನಿಯಲ್ಲಿ ಈ ಕೆಲಸ ಸುಂಕ ಇಲಾಖೆಯ ವಿಶೇಷ ವಿಭಾಗದ್ದು. ಕಟ್ಟಡ, ಹೋಟೆಲ್, ಸ್ವಚ್ಛತೆಯಂಥ ವಲಯಗಳಲ್ಲಿ ಕೆಲಸ ಆರಂಭವಾದ ಮತ್ತು ಮುಗಿದ ಹೊತ್ತು, ಒಟ್ಟು ಗಂಟೆಗಳನ್ನು ಏಳು ದಿನದೊಳಗೆ ಬರೆದಿಡಬೇಕು, ಎರಡು ವರ್ಷ ಕಾಯ್ದಿಡಬೇಕು. ವಂಚನೆ ನಡೆಯುವುದು ಗಂಟೆ ಕೂಲಿಯಲ್ಲಿ ಅಲ್ಲ, ಗಂಟೆಗಳ ಎಣಿಕೆಯಲ್ಲಿ. ಬಟ್ಟೆ ಬದಲಿಸುವ ಹೊತ್ತು, ಒಂದು ಮನೆಯಿಂದ ಇನ್ನೊಂದಕ್ಕೆ ಸ್ವಚ್ಛತೆಗೆ ಓಡುವ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಹಾಸಿಗೆಯೊಂದಕ್ಕೆ ಬಾಡಿಗೆ ಎಂದು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಉಪಗುತ್ತಿಗೆಯ ಸರಪಳಿ ಉದ್ದವಾದಷ್ಟೂ ಹೊಣೆ ಯಾರದು ಎಂಬುದು ಮಸುಕಾಗುತ್ತದೆ. 2020ರ ಬೇಸಿಗೆಯಲ್ಲಿ ಜರ್ಮನಿಯ ಮಾಂಸದ ಕಾರ್ಖಾನೆಗಳಲ್ಲಿ ಕೋವಿಡ್ ಹಬ್ಬಿದಾಗ, ಪೂರ್ವ ಯುರೋಪಿನಿಂದ ಬಂದು ಉಪಗುತ್ತಿಗೆದಾರರ ಕೈಕೆಳಗೆ ಕಿಕ್ಕಿರಿದ ಕೋಣೆಗಳಲ್ಲಿ ಬದುಕುತ್ತಿದ್ದವರ ಸ್ಥಿತಿ ಜಗಜ್ಜಾಹೀರಾಯಿತು. 2021ರ ಜನವರಿಯಿಂದ ದೊಡ್ಡ ಕಸಾಯಿಖಾನೆಗಳ ಮುಖ್ಯ ಕೆಲಸಗಳಲ್ಲಿ ಉಪಗುತ್ತಿಗೆಯನ್ನೇ ನಿಷೇಧಿಸಲಾಯಿತು. ಮಾಲೀಕ ಯಾರು ಎಂಬುದನ್ನು ಸ್ಪಷ್ಟ ಮಾಡಿದ ಈ ಒಂದು ಹೆಜ್ಜೆ, ಹಲವು ಸುತ್ತಿನ ತಪಾಸಣೆಗಿಂತ ಹೆಚ್ಚು ತೂಕದ್ದು.

ಮಾಲೀಕ ಯಾರು ಎಂಬ ಅದೇ ಪ್ರಶ್ನೆ ಈಗ ಡೆಲಿವರಿ ಆ್ಯಪ್‌ಗಳಿಗೆ ಬಂದು ನಿಂತಿದೆ. 2024ರ ಅಕ್ಟೋಬರ್‌ನಲ್ಲಿ ಅಂಗೀಕಾರವಾದ ಪ್ಲಾಟ್‌ಫಾರ್ಮ್ ಕೆಲಸದ ನಿರ್ದೇಶನವನ್ನು ಎಲ್ಲ ದೇಶಗಳೂ 2026ರ ಡಿಸೆಂಬರ್ 2ರೊಳಗೆ ತಮ್ಮ ಕಾನೂನಿಗೆ ಇಳಿಸಬೇಕು. ಆ್ಯಪ್ ಕಂಪನಿ ಕೆಲಸಗಾರನನ್ನು ನಿಯಂತ್ರಿಸುತ್ತಿದೆ ಎಂದು ತೋರಿಸುವ ಸಂಗತಿಗಳಿದ್ದರೆ ಅವನನ್ನು ನೌಕರ ಎಂದೇ ಭಾವಿಸಬೇಕು. ಅಲ್ಲ ಎಂದು ಸಾಬೀತುಪಡಿಸುವ ಹೊರೆ ಕಂಪನಿಯದು. ಖಾತೆ ಬಂದ್ ಮಾಡುವ ತೀರ್ಮಾನವನ್ನು ಯಂತ್ರಕ್ಕೆ ಬಿಡುವಂತಿಲ್ಲ, ಮನುಷ್ಯನೇ ತೆಗೆದುಕೊಳ್ಳಬೇಕು, ಕಾರಣವನ್ನು ಬರೆದು ಕೊಡಬೇಕು. ಕೆಲಸಗಾರನ ಭಾವನೆಗಳ ಸ್ಥಿತಿ, ಖಾಸಗಿ ಸಂಭಾಷಣೆಗಳ ದತ್ತಾಂಶವನ್ನು ಬಳಸುವಂತಿಲ್ಲ. ಮೂಲ ಕರಡಿನಲ್ಲಿ ನಿಯಂತ್ರಣ ಎಂದರೇನು ಎಂದು ಗುರುತಿಸಲು ಐದು ಸಾಮಾನ್ಯ ಲಕ್ಷಣಗಳಿದ್ದವು. ದೇಶಗಳ ನಡುವೆ ಒಮ್ಮತ ಬಾರದೆ ಅವನ್ನು ಕೈಬಿಟ್ಟು, ಆಯಾ ದೇಶದ ಕಾನೂನಿಗೆ ಬಿಡಲಾಯಿತು. ದುರ್ಬಲವಾದ ಕೀಲು ಇದೇ: ಒಂದು ದೇಶ ಲಕ್ಷಣಗಳನ್ನು ಬಿಗಿಯಾಗಿ ಬರೆದರೆ ನೌಕರ ಎಂದೇ ಭಾವಿಸಬೇಕೆಂಬ ನಿಯಮ ಯಾರಿಗೂ ಅನ್ವಯಿಸದೆ ಹೋಗಬಹುದು. ಸ್ಪೇನ್ ಮಾತ್ರ 2021ರಲ್ಲೇ ಡೆಲಿವರಿ ಕೆಲಸಗಾರರಿಗೆ ಇಂಥ ಕಾನೂನು ಮಾಡಿತ್ತು. ಆದರೂ ಅಲ್ಲಿನ ದೊಡ್ಡ ಕಂಪನಿಯಾದ ಗ್ಲೋವೊ ಸವಾರರನ್ನು ನೌಕರರಾಗಿ ತೆಗೆದುಕೊಳ್ಳುವುದಾಗಿ ಘೋಷಿಸಿದ್ದು 2024ರ ಡಿಸೆಂಬರ್‌ನಲ್ಲಿ. ಕಾನೂನಿಗೂ ಜಾರಿಗೂ ನಡುವೆ ಮೂರು ವರ್ಷಕ್ಕೂ ಹೆಚ್ಚು ಕಾಲ, ರಾಶಿ ದಂಡ, ಸಾಲುಸಾಲು ಮೊಕದ್ದಮೆ.

ಕರ್ನಾಟಕ ಇದೇ ಹೊತ್ತಿನಲ್ಲಿ ಬೇರೆ ದಾರಿ ಹಿಡಿದಿದೆ. 2025ರ ಗಿಗ್ ಕಾರ್ಮಿಕರ ಕಾಯ್ದೆ ಅವರು ನೌಕರರೇ ಅಲ್ಲವೇ ಎಂಬ ಪ್ರಶ್ನೆಗೆ ಹೋಗುವುದಿಲ್ಲ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಯಿಂದ ಶುಲ್ಕವಾಗಿ ಪಡೆದು ಕಲ್ಯಾಣ ಮಂಡಳಿಯ ನಿಧಿಗೆ ಹಾಕುತ್ತದೆ. ಕೆಲಸದಿಂದ ತೆಗೆಯಲು 14 ದಿನಗಳ ನೋಟಿಸ್ ಬೇಕೆನ್ನುತ್ತದೆ. ಬೇಗ ಜಾರಿಗೆ ತರಬಹುದು ಎಂಬುದು ಈ ದಾರಿಯ ಲಾಭ. ಆದರೆ ಕನಿಷ್ಠ ವೇತನ, ಸಂಬಳ ಸಹಿತ ರಜೆ, ಕೆಲಸದ ಗಂಟೆಗಳ ಮಿತಿ ನೌಕರ ಎಂಬ ಸ್ಥಾನಕ್ಕೆ ಅಂಟಿಕೊಂಡಿರುವ ಹಕ್ಕುಗಳು. ಆ ಸ್ಥಾನ ಸಿಗದೆ ಅವು ಸಿಗುವುದಿಲ್ಲ.

ಬೆಂಗಳೂರಿನಿಂದ ಕಂಪನಿಯ ಕೆಲಸಕ್ಕಾಗಿ ಜರ್ಮನಿಗೆ ಹೋಗುವವರು ಎರಡು ವಿಷಯ ತಿಳಿದಿರಬೇಕು. ಸಂಬಳ ಭಾರತದ ಕಂಪನಿಯಿಂದಲೇ ಬರುತ್ತಿದ್ದರೂ ಅಲ್ಲಿ ಕೆಲಸ ಮಾಡುವಷ್ಟು ಕಾಲ ಜರ್ಮನಿಯ ಕನಿಷ್ಠ ವೇತನ ಕಾಯ್ದೆ ಅವರಿಗೂ ಅನ್ವಯಿಸುತ್ತದೆ. ಎರಡನೆಯದು, 2017ರ ಮೇ 1ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಒಪ್ಪಂದದ ಪ್ರಕಾರ, ಕಂಪನಿ ಕಳಿಸಿದ ನೌಕರನಿಗೆ 48 ತಿಂಗಳವರೆಗೆ ಅಲ್ಲಿನ ಪಿಂಚಣಿ ವಂತಿಗೆಯಿಂದ ವಿನಾಯಿತಿ ಇದೆ. ಹೊರಡುವ ಮೊದಲೇ ಇಪಿಎಫ್ಒದಿಂದ ಪ್ರಮಾಣಪತ್ರ ಮಾಡಿಸಿಕೊಂಡಿರಬೇಕು. ಅಲ್ಲಿನ ಕಂಪನಿಗೇ ನೇರವಾಗಿ ಸೇರುವವರಿಗೆ ಈ ವಿನಾಯಿತಿ ಇಲ್ಲ, ಸಂಬಳದ ಶೇ 18.6ರಷ್ಟು ಪಿಂಚಣಿ ವಂತಿಗೆಯಲ್ಲಿ ಅರ್ಧ ಅವರದು. ಆದರೆ ಪಿಂಚಣಿಗೆ ಬೇಕಾದ ಕನಿಷ್ಠ 60 ತಿಂಗಳನ್ನು ಲೆಕ್ಕ ಹಾಕುವಾಗ ಎರಡೂ ದೇಶಗಳ ಅವಧಿಯನ್ನು ಕೂಡಿಸಬಹುದು.

ಇನ್ನು ನೋಡಬೇಕಾದದ್ದು ದೇಶಗಳು ಬರೆಯುವ ಕ್ರಿಯಾ ಯೋಜನೆಗಳನ್ನು. ‘ಸಂವಾದವನ್ನು ಉತ್ತೇಜಿಸಲಾಗುವುದು’ ಎಂಬ ಸಾಲುಗಳನ್ನು ದಾಟಿ ಮೂರು ಅಂಶಗಳನ್ನು ಹುಡುಕಬೇಕು. ಸಂಘದ ಪ್ರತಿನಿಧಿಗೆ ಕೆಲಸದ ಜಾಗದೊಳಗೆ, ಮನೆಯಿಂದ ದುಡಿಯುವವರ ಇಮೇಲ್‌ವರೆಗೂ, ಪ್ರವೇಶ ಇದೆಯೇ? ವಲಯದ ಒಪ್ಪಂದವನ್ನು ಸಹಿ ಹಾಕದ ಕಂಪನಿಗಳಿಗೂ ವಿಸ್ತರಿಸುವುದನ್ನು ಕಾನೂನು ಸುಲಭ ಮಾಡಿದೆಯೇ? ಸಾಮೂಹಿಕ ಒಪ್ಪಂದದ ಕೂಲಿ ಕೊಡುವವರಿಗಷ್ಟೇ ಸರ್ಕಾರಿ ಗುತ್ತಿಗೆ ಸಿಗುತ್ತದೆಯೇ? ಮೂರನೆಯದು ಹೆಚ್ಚು ಪರಿಣಾಮಕಾರಿ, ಏಕೆಂದರೆ ಸರ್ಕಾರಿ ಖರೀದಿ ಒಕ್ಕೂಟದ ಒಟ್ಟು ಆರ್ಥಿಕ ಉತ್ಪನ್ನದ ಶೇ 14ರಷ್ಟಿದೆ. 50,000 ಯೂರೊಗಿಂತ ದೊಡ್ಡ ಕೇಂದ್ರ ಸರ್ಕಾರಿ ಗುತ್ತಿಗೆಗಳಿಗೆ ಈ ಷರತ್ತು ಹಾಕುವ ಮಸೂದೆಗೆ ಜರ್ಮನಿಯ ಸಚಿವ ಸಂಪುಟ 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸರಕು ಪೂರೈಕೆಯ ಗುತ್ತಿಗೆಗಳನ್ನೂ ಉಪಗುತ್ತಿಗೆದಾರರನ್ನೂ ಅದು ಎಷ್ಟರಮಟ್ಟಿಗೆ ಒಳಗೆ ತರುತ್ತದೆ ಎಂಬುದರ ಮೇಲೆ ಅರ್ಧದಷ್ಟಿರುವ ಅಲ್ಲಿನ ಒಪ್ಪಂದದ ವ್ಯಾಪ್ತಿ ಮೇಲೇರುತ್ತದೆಯೇ ಎಂಬುದು ನಿಂತಿದೆ.